ಮಾಟ, ಕಣ್ಣು ಮತ್ತು ವಿಕ್ಕ: ವಿಜಯಪುರ ಜಿಲ್ಲೆಯ ನಂಬಿಕೆಗಳ ಪರಿಭಾಷೆಯನ್ನು ಕುರಿತು

ಇಂಗ್ಲಿಷಿನ ‘ವಿಚ್‌ಕ್ರಾಫ್ಟ್’ ಎಂಬ ಪದಕ್ಕೆ ಕನ್ನಡದ ನಿಘಂಟುಗಳೂ ಪತ್ರಿಕೆಗಳೂ ಸಾಮಾನ್ಯವಾಗಿ ಕೊಡುವ ಸಮಾನ ಪದಗಳು ಮಾಟ, ವಾಮಾಚಾರ, ಮಂತ್ರವಿದ್ಯೆ ಎಂಬವು. ಹಾಗೆಯೇ ‘ವಿಚ್’ ಎಂಬುದಕ್ಕೆ ಮಾಟಗಾತಿ ಎಂಬ ಪದ ರೂಢವಾಗಿದೆ. ಮ್ಯಾಕ್‌ಬೆತ್ ನಾಟಕದ ಮೂವರು ಮುದುಕಿಯರು, ಮಕ್ಕಳ ಕತೆಗಳಲ್ಲಿ ಪೊರಕೆಯ ಮೇಲೆ ಕುಳಿತು ಹಾರುವ ಹೆಂಗಸು, ತನ್ನ ಧರ್ಮ ವಿಕ್ಕ ಎಂದು ಜನಗಣತಿಯಲ್ಲಿ ಬರೆಸುವ ಇಂದಿನ ಲಂಡನ್ನಿನ ಗೃಹಿಣಿ, ನೆರೆಮನೆಯ ಎಮ್ಮೆ ಹಾಲು ಬತ್ತಿಸಿದ್ದಕ್ಕೆ ತಪ್ಪು ಹೊರಬೇಕಾದ ಇಂಡಿ ಸೀಮೆಯ ವಿಧವೆ, ಈ ಎಲ್ಲರಿಗೂ ಕನ್ನಡದಲ್ಲಿ ಒಂದೇ ಹೆಸರು. ಮೊದಲಿನ ಇಬ್ಬರು ಕಲ್ಪನೆಯ ಜೀವಿಗಳು. ಮೂರನೆಯವಳು ತನ್ನ ಆಯ್ಕೆಯಿಂದ ಆ ಹೆಸರನ್ನು ಧರಿಸಿದವಳು. ನಾಲ್ಕನೆಯವಳು ಆ ಹೆಸರಿನಿಂದ ಊರು ಬಿಡಬೇಕಾಗಬಹುದಾದವಳು. ಒಂದು ಪದವು ಇಷ್ಟು ಅಸಮಾನವಾದ ಸಂಗತಿಗಳನ್ನು ಹೊತ್ತಿರುವಾಗ ಅದನ್ನು ಬಿಡಿಸಿ ನೋಡುವುದು ಕೇವಲ ಭಾಷಾಂತರದ ಸಮಸ್ಯೆಯಾಗಿ ಉಳಿಯುವುದಿಲ್ಲ. ಪ್ರಸ್ತುತ ಲೇಖನವು ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗದ ಆಡುನುಡಿಯನ್ನು ಆಧಾರವಾಗಿಟ್ಟುಕೊಂಡು ಸಾಂಪ್ರದಾಯಿಕ ಮಾಟದ ಕಲ್ಪನೆಗೂ ಆಧುನಿಕ ವಿಕ್ಕ ಧರ್ಮಕ್ಕೂ ಇರುವ ಅಂತರವನ್ನು ವಿವರಿಸಲು ಯತ್ನಿಸುತ್ತದೆ.

ಈ ಪರಿಭಾಷೆಯ ಗೊಂದಲ ಹೊಸದಲ್ಲ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತದ ಗ್ಯಾಸೆಟಿಯರಿನ 23ನೆಯ ಸಂಪುಟ ಬಿಜಾಪುರ ಜಿಲ್ಲೆಗೆ ಮೀಸಲಾಗಿದೆ. ಅದರಲ್ಲಿ ಜಿಲ್ಲೆಯ ಜಾತಿಗಳನ್ನು ಒಂದೊಂದಾಗಿ ವರ್ಣಿಸುವಾಗ ಮನೆ, ಊಟ, ಉಡುಪು, ಮದುವೆ, ಮರಣ ಇವುಗಳ ಜೊತೆಗೆ ಈ ಜನರು ಶಕುನ, ಭವಿಷ್ಯ, ‘ವಿಚ್‌ಕ್ರಾಫ್ಟ್’ ಇವನ್ನು ನಂಬುತ್ತಾರೆ ಅಥವಾ ನಂಬುವುದಿಲ್ಲ ಎಂಬ ಅರ್ಥದ ಮಾತು ಅನೇಕ ಕಡೆ ಮರುಕಳಿಸುತ್ತದೆ. ಮಾಹಿತಿದಾರನಿಗೆ ಯಾವ ಕನ್ನಡ ಪದ ಬಳಸಿ ಪ್ರಶ್ನೆ ಹಾಕಲಾಯಿತು ಎಂಬುದನ್ನು ಆ ಸಾಲುಗಳು ಹೇಳುವುದಿಲ್ಲ. ಮಾಟವಿದೆಯೇ ಎಂದು ಕೇಳಿದರೆ ಬರುವ ಉತ್ತರ ಬೇರೆ, ಕಣ್ಣು ತಾಗುತ್ತದೆಯೇ ಎಂದು ಕೇಳಿದರೆ ಬರುವ ಉತ್ತರ ಬೇರೆ. ಆಡಳಿತಗಾರರಿಗೆ ಇವೆರಡೂ ಒಂದೇ ಆಗಿದ್ದವು. ಆ ಸಂಪುಟವನ್ನು ಇಂದಿಗೂ ಆಕರವಾಗಿ ಬಳಸುವ ಜಾನಪದ ಸಂಶೋಧಕರು ಈ ಮಿತಿಯನ್ನು ಗಮನದಲ್ಲಿರಿಸಿಕೊಳ್ಳುವುದು ಅಗತ್ಯ.

ಮಾಟ ಎಂಬ ಪದದ ವ್ಯುತ್ಪತ್ತಿಯಲ್ಲಿ ಕೆಡುಕಿನ ಛಾಯೆ ಇಲ್ಲ. ಮಾಡು ಧಾತುವಿನಿಂದ ಮಾಟ, ಆಡು ಧಾತುವಿನಿಂದ ಆಟ, ಕೂಡು ಧಾತುವಿನಿಂದ ಕೂಟ ಆದಂತೆ. ಹಳಗನ್ನಡದಲ್ಲಿ ಇದಕ್ಕೆ ಮಾಡುವಿಕೆ, ರೀತಿ, ಅಂದ ಎಂಬ ಅರ್ಥಗಳಿದ್ದವು. ‘ಮಾಟವಾದ ಮೂಗು’ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಆಯ್ದಕ್ಕಿ ಲಕ್ಕಮ್ಮನ ವಚನದಲ್ಲಿ ಮಾಟವೆಂದರೆ ನಿತ್ಯದ ಕಾಯಕ, ಶರಣರಿಗೆ ಸಲ್ಲಿಸುವ ಸೇವೆ. ಅದೇ ಪದ ಗುಟ್ಟಾಗಿ ಮಾಡಿದ ಕೇಡಿನ ಕೆಲಸಕ್ಕೆ ಹೆಸರಾದುದು ಹೇಗೆ? ಇದು ಕನ್ನಡಕ್ಕೆ ಮಾತ್ರ ಸಂಬಂಧಿಸಿದ ವಿದ್ಯಮಾನವಲ್ಲ ಎಂಬುದು ಕುತೂಹಲಕರ. ಸಂಸ್ಕೃತದಲ್ಲಿ ಕೃ ಧಾತುವಿನಿಂದ ಬಂದ ‘ಕೃತ್ಯಾ’ ಎಂಬುದು ಅಥರ್ವವೇದದಲ್ಲಿಯೇ ಅಭಿಚಾರವನ್ನು ಸೂಚಿಸುತ್ತದೆ. ಭೀಮೆಯ ಆಚೆಯ ಮರಾಠಿಯಲ್ಲಿ ಮಾಟಕ್ಕೆ ‘ಕರಣಿ’ ಎನ್ನುತ್ತಾರೆ. ಅದೂ ಮಾಡುವುದೆಂಬ ಅರ್ಥದ್ದೇ. ಯುರೋಪಿನ ಮಧ್ಯಯುಗದ ನ್ಯಾಯಾಲಯಗಳು ಬಳಸಿದ ಲ್ಯಾಟಿನ್ ಪದ ‘ಮಲೆಫಿಕಿಯಂ’ ಎಂಬುದರಲ್ಲಿಯೂ ‘ಮಾಡು’ ಎಂಬ ಅರ್ಥದ ಧಾತುವಿದೆ. ಹೆಸರು ಹೇಳಿದರೆ ತಾಗೀತು ಎಂಬ ಅಂಜಿಕೆಯಿಂದ ಜನರು ಎಲ್ಲಿಯೂ ಬರಿಯ ‘ಕೆಲಸ’ ಎಂದು ಮರೆಮಾಚಿ ಹೇಳಿದರು. ಕಾಲಕ್ರಮದಲ್ಲಿ ಆ ಮರೆಮಾತೇ ಹೆಸರಾಯಿತು ಎಂದು ಊಹಿಸಬಹುದು.

ಈ ಭಾಗದ ಆಡುನುಡಿಯಲ್ಲಿ ಮಾಟವನ್ನು ನಾಮಪದವಾಗಿ ಬಳಸುವುದಕ್ಕಿಂತ ‘ಯಾರೋ ಮಾಡಿಸ್ಯಾರ’ ಎಂಬ ಕ್ರಿಯಾಪದದ ಬಳಕೆ ಹೆಚ್ಚು ಸಹಜ. ಇಲ್ಲಿ ವ್ಯಾಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಗುವೊಂದು ಹಾಲು ಕುಡಿಯದೆ ಅತ್ತರೆ ‘ಕಣ್ಣ ಹತ್ತ್ಯಾವ’ ಅಥವಾ ‘ನದರ ಆಗೇತಿ’ ಎನ್ನುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಹೊಲದಿಂದ ಬಂದವನು ಜ್ವರದಿಂದ ಮಲಗಿದರೆ ‘ಗಾಳಿ ಸೋಂಕೇತಿ’ ಎನ್ನುತ್ತಾರೆ. ಹೆಣ್ಣುಮಗಳೊಬ್ಬಳು ತನ್ನದಲ್ಲದ ದನಿಯಲ್ಲಿ ಮಾತಾಡತೊಡಗಿದರೆ ‘ದೆವ್ವ ಬಡಿದೈತಿ’ ಎನ್ನುತ್ತಾರೆ. ಮೊದಲ ಮಾತಿನಲ್ಲಿ ಕಣ್ಣು ತಾನಾಗಿಯೇ ಹತ್ತುತ್ತದೆ. ಕಣ್ಣಿನ ಒಡೆಯನಿಗೆ ಕೇಡು ಬಯಸುವ ಇಚ್ಛೆ ಇರಲೇಬೇಕೆಂದಿಲ್ಲ. ಸ್ವಂತ ತಾಯಿಯ ಕಣ್ಣೇ ಮಗುವಿಗೆ ಹತ್ತಬಹುದು ಎಂಬ ನಂಬಿಕೆ ಇದಕ್ಕೆ ಸಾಕ್ಷಿ. ಎರಡನೆಯ ಮತ್ತು ಮೂರನೆಯ ಮಾತುಗಳಲ್ಲಿ ಕರ್ತೃ ಮನುಷ್ಯನೇ ಅಲ್ಲ. ‘ಮಾಡಿಸ್ಯಾರ’ ಎಂಬಲ್ಲಿ ಮಾತ್ರ ಪ್ರೇರಣಾರ್ಥಕ ಪ್ರತ್ಯಯವಾದ ‘ಇಸು’ ಬಂದಿದೆ. ಅಂದರೆ ಮಾಟದ ಕಲ್ಪನೆಗೆ ಇಬ್ಬರು ಮನುಷ್ಯರು ಬೇಕು: ಮಾಡುವವನೊಬ್ಬ, ಮಾಡಿಸುವವನೊಬ್ಬ. ಮಾಡುವವನು ಮಂತ್ರ ಬಲ್ಲವನು, ದುಡ್ಡಿಗೆ ಕೆಲಸ ಮಾಡುವವನು, ಬಹುತೇಕ ಪರಸ್ಥಳದವನು. ಅವನ ಮೇಲೆ ಯಾರಿಗೂ ಅಷ್ಟು ಸಿಟ್ಟಿಲ್ಲ. ನಾಳೆ ಅದನ್ನು ತೆಗೆಸಲು ಅವನಂಥವನ ಬಳಿಗೇ ಹೋಗಬೇಕು. ಸಿಟ್ಟೆಲ್ಲ ಮಾಡಿಸಿದವರ ಮೇಲೆ. ಅವರು ದಾಯಾದಿಗಳು, ಓರಗಿತ್ತಿಯರು, ಬದುವಿನ ಜಗಳವುಳ್ಳ ಪಕ್ಕದ ಹೊಲದವರು.

ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಪ್ರಕಟಿಸಿದ ಆಫ್ರಿಕಾದ ಅಜಾಂಡೆ ಜನರ ಅಧ್ಯಯನದಲ್ಲಿ ಒಂದು ಭೇದವನ್ನು ಸ್ಥಾಪಿಸಿದರು. ಹುಟ್ಟಿನಿಂದಲೇ ದೇಹದಲ್ಲಿರುವ, ಕೆಲವೊಮ್ಮೆ ಒಡೆಯನಿಗೂ ತಿಳಿಯದಂತೆ ಕೆಲಸಮಾಡುವ ಕೇಡಿನ ಶಕ್ತಿ ಒಂದು. ಮದ್ದು ಮಂತ್ರಗಳನ್ನು ಕಲಿತು ಉದ್ದೇಶಪೂರ್ವಕವಾಗಿ ಮಾಡುವ ಕೇಡು ಇನ್ನೊಂದು. ಅವರು ‘ವಿಚ್‌ಕ್ರಾಫ್ಟ್’ ಎಂದು ಕರೆದದ್ದು ಮೊದಲನೆಯದನ್ನು. ಈ ಅಳತೆಗೋಲನ್ನು ವಿಜಯಪುರದ ನುಡಿಗೆ ಹಿಡಿದರೆ ವಿಚಿತ್ರವಾದ ಫಲಿತಾಂಶ ದೊರೆಯುತ್ತದೆ. ಶಾಸ್ತ್ರೀಯ ಅರ್ಥದಲ್ಲಿ ‘ವಿಚ್‌ಕ್ರಾಫ್ಟ್’ ಎಂಬುದಕ್ಕೆ ಸಮೀಪವಾಗಿ ನಿಲ್ಲುವುದು ಮಾಟವಲ್ಲ, ಕಣ್ಣು. ಮಾಟವು ಎರಡನೆಯ ವರ್ಗಕ್ಕೆ ಸೇರುತ್ತದೆ. ನಮ್ಮ ನಿಘಂಟುಗಳ ಸಮೀಕರಣ ತಲೆಕೆಳಗಾಗಿದೆ ಎಂದೇ ಹೇಳಬೇಕಾಗುತ್ತದೆ. ಅಜಾಂಡೆ ಭೇದವು ಎಲ್ಲ ಸಮಾಜಗಳಿಗೂ ಹೊಂದುವುದಿಲ್ಲವೆಂದು ನಂತರದ ವಿದ್ವಾಂಸರು ತೋರಿಸಿದ್ದಾರೆ, ನಿಜ. ಆದರೂ ಕಣ್ಣು ಮತ್ತು ಮಾಟಗಳನ್ನು ಒಂದೇ ‘ಮೂಢನಂಬಿಕೆ’ಯ ಮೂಟೆಗೆ ಹಾಕುವ ಅಭ್ಯಾಸಕ್ಕಿಂತ ಅದು ಉಪಯುಕ್ತ. ಏಕೆಂದರೆ ಕಣ್ಣಿಗೆ ಪರಿಹಾರ ಮನೆಯೊಳಗೇ ಇದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಮುಗಿಯಿತು. ಅಜ್ಜಿಯೊಬ್ಬಳಿದ್ದರೆ ಸಾಕು, ಯಾರ ಮೇಲೂ ಆರೋಪವಿಲ್ಲ. ಬೀಸುವ ಪದಗಳಲ್ಲಿ ಕಂದನಿಗೆ ತಾಗುವ ಕಣ್ಣಿನ ಅಂಜಿಕೆ ಪರಿಚಿತವಾದ ಆಶಯ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಇದೇ ಇಂಡಿ ಸೀಮೆಯ ಹೆಣ್ಣುಮಕ್ಕಳ ತ್ರಿಪದಿಗಳು ಮೊದಲ ಬಾರಿಗೆ ವಿದ್ವಾಂಸರ ಗಮನ ಸೆಳೆದವು. ಕಣ್ಣು ಮನೆವಾರ್ತೆಯ ಮಾತು. ಮಾಟ ಊರೊಟ್ಟಿನ ವ್ಯಾಜ್ಯ.

ಬಾನಾಮತಿ ಇವೆರಡರಿಂದಲೂ ಭಿನ್ನವಾದುದು. ಮರಾಠಿಯ ಭಾನಾಮತಿ, ತೆಲುಗಿನ ಬಾಣಾಮತಿ, ಕನ್ನಡದ ಬಾನಾಮತಿ ಒಂದೇ ಪದದ ರೂಪಗಳು. ವಿಜಯಪುರ, ಕಲಬುರಗಿ, ಬೀದರ ಮತ್ತು ಅವುಗಳಿಗೆ ಹೊಂದಿದ ಮರಾಠವಾಡ, ತೆಲಂಗಾಣಗಳಲ್ಲಿ ಇದು ಹಬ್ಬಿದೆ. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯೊಳಗಿನ ಸೀರೆಗೆ ತಾನಾಗಿ ಬೆಂಕಿ ಹತ್ತುವುದು, ಬೇಯಿಸಿದ ಅನ್ನದಲ್ಲಿ ಹೊಲಸು ಕಾಣುವುದು, ಮೈಮೇಲೆ ಗೀರುಗಳು ಮೂಡುವುದು, ಹೆಂಗಸರು ನಾಯಿಯಂತೆ ಕೂಗುವುದು ಇದರ ಲಕ್ಷಣಗಳೆಂದು ಹೇಳಲಾಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ರಚಿಸಿದ ಸಮಿತಿಯ ಗಮನಕ್ಕೆ ಬಂದ ವಿಷಯಗಳಲ್ಲಿ ಬಾನಾಮತಿಯೂ ಒಂದು. ಮಾಟ ಒಬ್ಬ ವ್ಯಕ್ತಿಗೋ ದನಕ್ಕೋ ಬೆಳೆಗೋ ತಗಲುವಂಥದು. ಬಾನಾಮತಿ ಇಡೀ ಮನೆಗೆ, ಕೆಲವೊಮ್ಮೆ ಇಡೀ ಓಣಿಗೆ ಹರಡುವಂಥದು. ಅದರ ಕೇಂದ್ರದಲ್ಲಿ ಬಹುಪಾಲು ಒಬ್ಬ ಎಳೆಯ ಸೊಸೆಯೋ ಮದುವೆಯಾಗದ ಹುಡುಗಿಯೋ ಇರುತ್ತಾಳೆ ಎಂಬುದನ್ನು ಕಡೆಗಣಿಸುವಂತಿಲ್ಲ. ಅತ್ತೆಯ ಎದುರು ಬಾಯಿ ತೆರೆಯಲಾಗದವಳು ನಾಯಿಯ ದನಿಯಲ್ಲಿ ಕೂಗಿದಾಗ ಮನೆಮಂದಿಯೆಲ್ಲ ಅವಳ ಸುತ್ತ ನೆರೆಯುತ್ತಾರೆ. ಇದನ್ನು ವಂಚನೆ ಎಂದೋ ರೋಗ ಎಂದೋ ಕರೆಯುವ ಮೊದಲು ಅವಳಿಗೆ ಬೇರೆ ಯಾವ ಮಾತು ಲಭ್ಯವಿತ್ತು ಎಂದು ಕೇಳುವುದು ನ್ಯಾಯ.

ಪರಿಹಾರ ನೀಡುವವರ ಲೋಕ ಇನ್ನೂ ಮಿಶ್ರವಾದುದು. ಮಠದ ವಿಭೂತಿ, ಹಾಲುಮತದ ಗುಡಿಯ ಭಂಡಾರ, ಹನುಮಪ್ಪನ ಗುಡಿಯ ಅಂಗಾರ, ದರ್ಗಾದ ತಾಯತ ಇವೆಲ್ಲ ಒಂದೇ ಮನೆಯ ತೊಟ್ಟಿಲಿಗೆ ಒಟ್ಟಿಗೆ ಕಟ್ಟಿರುವುದುಂಟು. ಮೈಮೇಲೆ ದೇವರು ಬಂದು ಹೇಳಿಕೆ ನುಡಿಯುವವರೂ, ಮಂತ್ರ ಹಾಕುವವರೂ ಬೇರೆ ಬೇರೆ ಜನ. ಹೇಳಿಕೆಯವನು ದೇವರ ಬಾಯಿ ಮಾತ್ರ. ಮಂತ್ರಗಾರನು ತಾನು ಕಲಿತ ವಿದ್ಯೆಯ ಒಡೆಯ. ಮಂತ್ರವನ್ನು ಗುರು ಕಿವಿಯಲ್ಲಿ ಹೇಳಬೇಕು, ಗ್ರಹಣಕಾಲದಲ್ಲಿ ಜಪಿಸಿ ಸಿದ್ಧಿ ಮಾಡಿಕೊಳ್ಳಬೇಕು, ಬಹಿರಂಗಪಡಿಸಿದರೆ ಅದರ ಬಲ ಕುಂದುತ್ತದೆ ಎಂಬ ನಂಬಿಕೆಗಳು ಸಾಮಾನ್ಯ. ಈ ಗೋಪ್ಯತೆಯಿಂದಾಗಿಯೇ ಜನಪದ ಮಂತ್ರಗಳ ಸಂಗ್ರಹ ಹಾಡು, ಕತೆ, ಗಾದೆಗಳ ಸಂಗ್ರಹದಷ್ಟು ಬೆಳೆಯಲಿಲ್ಲ. ಇಲ್ಲಿ ಒಳ್ಳೆಯ ಮಂತ್ರ, ಕೆಟ್ಟ ಮಂತ್ರ ಎಂಬ ಸ್ಥಿರವಾದ ಗಡಿಯಿಲ್ಲ. ಕಟ್ಟಬಲ್ಲವನೇ ಬಿಚ್ಚಬಲ್ಲ. ಮಂತ್ರಗಾರನು ತನ್ನನ್ನು ಬೇರೊಂದು ಧರ್ಮದವನೆಂದು ತಿಳಿಯುವುದೂ ಇಲ್ಲ. ಅವನು ಲಿಂಗಾಯತನೋ ಮುಸಲ್ಮಾನನೋ ಕುರುಬನೋ ಆಗಿಯೇ ಇರುತ್ತಾನೆ.

ಈಗ ವಿಕ್ಕದತ್ತ ತಿರುಗಬಹುದು. ಇಂಗ್ಲೆಂಡಿನಲ್ಲಿ 1735ರ ಮಾಟ ಕಾಯಿದೆ 1951ರವರೆಗೆ ಜಾರಿಯಲ್ಲಿತ್ತು. ಅದು ರದ್ದಾದ ಮೂರು ವರ್ಷಗಳಲ್ಲಿ, 1954ರಲ್ಲಿ, ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು ನಿವೃತ್ತನಾಗಿದ್ದ ಜೆರಾಲ್ಡ್ ಗಾರ್ಡ್ನರ್ ‘ವಿಚ್‌ಕ್ರಾಫ್ಟ್ ಟುಡೇ’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಕ್ರೈಸ್ತಪೂರ್ವ ಯುಗದ ಒಂದು ದೇವತಾರಾಧನೆ ಗುಟ್ಟಾಗಿ ಉಳಿದುಬಂದಿದೆ, ತಾನು ಅದರಲ್ಲಿ ದೀಕ್ಷೆ ಪಡೆದಿರುವೆ ಎಂಬುದು ಅವನ ಪ್ರತಿಪಾದನೆ. ಮಾರ್ಗರೆಟ್ ಮರ್ರೆ 1921ರಲ್ಲಿ ಮಂಡಿಸಿದ್ದ, ಮಧ್ಯಯುಗದಲ್ಲಿ ಮಾಟಗಾತಿಯರೆಂದು ದಂಡನೆಗೊಳಗಾದವರು ವಾಸ್ತವವಾಗಿ ಹಳೆಯ ಧರ್ಮದ ಅನುಯಾಯಿಗಳು ಎಂಬ ವಾದವು ಅವನಿಗೆ ಬೆಂಬಲವಾಯಿತು. ಆ ವಾದವನ್ನು ಇತಿಹಾಸಕಾರರು ಈಗ ಒಪ್ಪುವುದಿಲ್ಲ. ರೊನಾಲ್ಡ್ ಹಟನ್ 1999ರ ತನ್ನ ಗ್ರಂಥದಲ್ಲಿ ವಿಕ್ಕವು ಇಪ್ಪತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ರೂಪುಗೊಂಡ ಹೊಸ ಧರ್ಮವೆಂಬುದನ್ನು ವಿಸ್ತಾರವಾಗಿ ತೋರಿಸಿದ್ದಾನೆ. ‘ವಿಕ್ಕ’ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಮಂತ್ರವಾದಿ ಗಂಡಸಿಗಿದ್ದ ಹೆಸರು. ‘ವಿಚ್’ ಪದದ ಪೂರ್ವರೂಪ. ಒಂದು ಕಾಲದ ಪುಲ್ಲಿಂಗ ಪದ ಇಂದು ದೇವಿಪ್ರಧಾನವಾದ ಧರ್ಮದ ಹೆಸರಾಗಿರುವುದು ಭಾಷೆಯ ಒಂದು ಲೀಲೆ.

ಗಾರ್ಡ್ನರನ ಪರಂಪರೆಯ ವಿಕ್ಕದಲ್ಲಿ ಒಬ್ಬ ದೇವಿ, ಒಬ್ಬ ಕೊಂಬಿನ ದೇವ ಆರಾಧ್ಯರು. ಅನುಯಾಯಿಗಳು ಸಣ್ಣ ಕೂಟಗಳಲ್ಲಿ ಸೇರುತ್ತಾರೆ. ದೀಕ್ಷೆಗೆ ಮೂರು ಹಂತಗಳಿವೆ. ವಿಧಿಗಳ ಪುಸ್ತಕವನ್ನು ಗುರುವಿನ ಪ್ರತಿಯಿಂದ ಕೈಬರಹದಲ್ಲಿ ನಕಲು ಮಾಡಿಕೊಳ್ಳುತ್ತಾರೆ. ಡೊರೀನ್ ವ್ಯಾಲಿಯಂಟೆ ಎಂಬ ಕವಯಿತ್ರಿ ಅದರ ಅನೇಕ ವಿಧಿಪಾಠಗಳನ್ನು ತಿದ್ದಿ ಬರೆದಳು. ವರ್ಷಕ್ಕೆ ಎಂಟು ಹಬ್ಬಗಳು, ಅಯನ ಮತ್ತು ವಿಷುವಗಳು ಹಾಗೂ ಅವುಗಳ ನಡುವಿನ ದಿನಗಳು. ಜೊತೆಗೆ ಹುಣ್ಣಿಮೆಯ ಕೂಟಗಳು. ಯಾರಿಗೂ ಕೇಡು ಮಾಡದೆ ನಿನಗೆ ಬೇಕಾದುದನ್ನು ಮಾಡು ಎಂಬುದು ಅವರ ನೀತಿಯ ಸಾರ. ಮಾಡಿದ ಕೇಡು ಮೂರು ಪಟ್ಟು ಹಿಂದಿರುಗುತ್ತದೆ ಎಂದೂ ಹಲವರು ನಂಬುತ್ತಾರೆ. ಇದನ್ನು ಒಪ್ಪದ ಒಂದು ಪಂಗಡವು ಪಶ್ಚಿಮದಲ್ಲಿಯೇ ಇದೆ. 1960ರ ದಶಕದಲ್ಲಿ ರಾಬರ್ಟ್ ಕಾಕ್ರೇನ್ ಎಂಬ ಹೆಸರಿನಿಂದ ಬರೆಯುತ್ತಿದ್ದವನು ಗಾರ್ಡ್ನರನ ಅನುಯಾಯಿಗಳನ್ನು ಟೀಕಿಸಿ, ತನ್ನದೇ ನಿಜವಾದ ಸಾಂಪ್ರದಾಯಿಕ ವಿದ್ಯೆ ಎಂದು ಹೇಳಿಕೊಂಡನು. ಈ ‘ಸಾಂಪ್ರದಾಯಿಕ’ರು ನೆಲದ ಆತ್ಮಗಳಿಗೆ, ಪೂರ್ವಜರಿಗೆ ಹೆಚ್ಚು ಮಹತ್ವ ಕೊಡುತ್ತಾರೆ, ಶಾಪ ಹಾಕಬಾರದೆಂಬ ಕಟ್ಟಳೆಯನ್ನು ಅಂಗೀಕರಿಸುವುದಿಲ್ಲ. ಆದರೆ ಇವರ ಪರಂಪರೆಯೂ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದ ನಿರ್ಮಾಣವೇ. ನಿಜವಾಗಿ ಹಳೆಯದಾಗಿದ್ದುದು ಇಂಗ್ಲೆಂಡಿನ ಹಳ್ಳಿಗಳ ಜಾಣ ಗಂಡಸರು, ಜಾಣ ಹೆಂಗಸರು ಎಂದು ಕರೆಯಲ್ಪಡುತ್ತಿದ್ದವರ ವೃತ್ತಿ. ಕಳವಾದ ಒಡವೆ ಹುಡುಕುವುದು, ದನದ ರೋಗ ಬಿಡಿಸುವುದು, ಯಾರ ಕೇಡು ತಗಲಿದೆ ಎಂದು ಹೇಳುವುದು ಅವರ ಕೆಲಸ. ಅವರು ಕ್ರೈಸ್ತರಾಗಿಯೇ ಇದ್ದರು, ತಮ್ಮನ್ನು ‘ವಿಚ್’ ಎಂದು ಕರೆದರೆ ಕೋಪಗೊಳ್ಳುತ್ತಿದ್ದರು. ಸಿಂದಗಿಯ ಮಂತ್ರಗಾರನಿಗೆ ಯುರೋಪಿನಲ್ಲಿ ಜೊತೆಗಾರನನ್ನು ಹುಡುಕುವುದಾದರೆ ಅವನು ವಿಕ್ಕದ ಪುರೋಹಿತನಲ್ಲ, ಈ ಜಾಣ ಗಂಡಸು.

ಹೋಲಿಕೆಯನ್ನು ಆಚರಣೆಗಳ ಮಟ್ಟದಲ್ಲಿ ಮಾಡಿದರೆ ಮೇಲ್ನೋಟದ ಸಾಮ್ಯಗಳು ಬೇಕಷ್ಟು ಸಿಗುತ್ತವೆ. ವಿಕ್ಕದವರು ವೃತ್ತ ಬರೆಯುತ್ತಾರೆ, ಇಲ್ಲಿ ದಿಗ್ಬಂಧನ ಹಾಕುತ್ತಾರೆ. ಅಲ್ಲಿ ಹುಣ್ಣಿಮೆ, ಇಲ್ಲಿ ಅಮಾವಾಸ್ಯೆ. ಆದರೆ ಇಂಥ ಹೋಲಿಕೆ ದಾರಿ ತಪ್ಪಿಸುತ್ತದೆ. ಈ ಭಾಗದ ಅಮಾವಾಸ್ಯೆಯೆಂದರೆ ಮಾಟದ ರಾತ್ರಿಯಷ್ಟೇ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಅಮಾವಾಸ್ಯೆ, ಎಳ್ಳಮಾವಾಸ್ಯೆಗಳೂ ಅಮಾವಾಸ್ಯೆಗಳೇ. ಎಳ್ಳಮಾವಾಸ್ಯೆಯಂದು ಡೋಣಿ ನದಿಯ ಬಯಲಿನ ಎರೆಹೊಲಗಳಲ್ಲಿ ಜೋಳದ ಬೆಳೆಗೆ ಚರಗ ಚೆಲ್ಲುವ ರೈತನ ನಡೆಯಲ್ಲಿ, ಹಂಗಾಮಿನ ಹಬ್ಬ ಮಾಡುವ ವಿಕ್ಕದವರು ಬಯಸುವ ನೆಲದ ನಂಟು ನಿಜವಾಗಿ ಇದೆ. ಅದನ್ನು ಯಾರೂ ಮಾಟವೆಂದು ಕರೆಯುವುದಿಲ್ಲ. ಹೀಗೆ ನೋಡಿದರೆ ವಿಕ್ಕವು ಧರ್ಮವಾಗಿ ಹೋಲಬಹುದಾದುದು ಇಲ್ಲಿನ ಬೇಸಾಯದ ಹಬ್ಬಗಳನ್ನು. ಹೆಸರಿನಲ್ಲಿ ಮಾತ್ರ ಅದು ಮಾಟಕ್ಕೆ ಅಂಟಿಕೊಂಡಿದೆ. ಮೂಲಭೂತವಾದ ಅಂತರವೆಂದರೆ, ವಿಕ್ಕವನ್ನು ಒಬ್ಬನು ತನ್ನ ಬಗ್ಗೆ ತಾನು ಹೇಳಿಕೊಳ್ಳುತ್ತಾನೆ. ಮಾಟವನ್ನು ಯಾವಾಗಲೂ ಇನ್ನೊಬ್ಬರ ಬಗ್ಗೆ ಹೇಳಲಾಗುತ್ತದೆ. ಮೊದಲನೆಯದು ಉತ್ತಮ ಪುರುಷದ ವಾಕ್ಯ, ಎರಡನೆಯದು ಪ್ರಥಮ ಪುರುಷದ್ದು. 15ರಿಂದ 18ನೆಯ ಶತಮಾನದವರೆಗೆ ಯುರೋಪಿನಲ್ಲಿ ಸುಮಾರು 40 ಸಾವಿರದಿಂದ 60 ಸಾವಿರ ಜನರನ್ನು ಕೊಂದದ್ದು ಈ ಎರಡನೆಯ ವಾಕ್ಯ. ಬಿಹಾರ 1999ರಲ್ಲಿಯೂ ಜಾರ್ಖಂಡ 2001ರಲ್ಲಿಯೂ ‘ಡಾಯನ್’ ಎಂಬ ಆರೋಪದ ವಿರುದ್ಧ ಕಾಯಿದೆ ತರಬೇಕಾದದ್ದೂ ಇದಕ್ಕಾಗಿಯೇ.

ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯ ನೆಲದಲ್ಲಿ ಈ ನಂಬಿಕೆಗಳು ಹೇಗೆ ಉಳಿದವು ಎಂಬ ಪ್ರಶ್ನೆಯನ್ನು ಹಲವರು ಎತ್ತುತ್ತಾರೆ. ಕಿರುದೈವಗಳ ಬಹುಳತೆಯನ್ನು, ಹರಕೆಯ ಬಲಿಯನ್ನು, ಲಗ್ನ ಮುಹೂರ್ತಗಳ ಲೆಕ್ಕವನ್ನು ಅವರು ವಚನಗಳಲ್ಲಿ ನಿರಾಕರಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಆದರೆ ಆ ನಿರಾಕರಣೆ ದೈವಗಳನ್ನು ಕುರಿತದ್ದು. ಓರಗಿತ್ತಿಯ ಹೊಟ್ಟೆಕಿಚ್ಚು ದೈವವಲ್ಲ. ಒಂದೇ ದೇವರನ್ನು ನಂಬಿದ ಮನೆಯಲ್ಲಿಯೂ ದಾಯಾದಿ ಇರುತ್ತಾನೆ, ಬದುವಿನ ಜಗಳ ಇರುತ್ತದೆ. ಮಾಟದ ನಂಬಿಕೆಗೆ ದೇವತಾಶಾಸ್ತ್ರ ಬೇಕಿಲ್ಲವಾದ್ದರಿಂದ ದೇವತಾಶಾಸ್ತ್ರದ ಸುಧಾರಣೆ ಅದನ್ನು ನೇರವಾಗಿ ತಟ್ಟುವುದಿಲ್ಲ.

ಕಾನೂನಿನ ಪರಿಭಾಷೆಗೂ ಇದೇ ತೊಡಕಿದೆ. ಮಹಾರಾಷ್ಟ್ರವು ನರೇಂದ್ರ ದಾಭೋಲ್ಕರ್ ಅವರ ಕೊಲೆಯ ಬಳಿಕ 2013ರಲ್ಲಿ ಕಾಯಿದೆ ಮಾಡಿತು. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಅಧಿನಿಯಮವು 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಒಂದರಿಂದ ಏಳು ವರ್ಷಗಳ ಸೆರೆ, 5 ಸಾವಿರದಿಂದ 50 ಸಾವಿರ ರೂಪಾಯಿಗಳ ದಂಡ ಅದರ ಶಿಕ್ಷೆ. ಆ ಮಸೂದೆಯ ಚರ್ಚೆಯ ವರ್ಷಗಳಲ್ಲಿಯೇ, 2015ರ ಆಗಸ್ಟ್ 30ರಂದು, ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದಲ್ಲಿ ಕೊಲ್ಲಲಾಯಿತು. ಅಧಿನಿಯಮದ ಹೆಸರಿನಲ್ಲಿರುವ ‘ವಾಮಾಚಾರ’ವು ಮೂಲತಃ ತಂತ್ರಶಾಸ್ತ್ರದ ಒಂದು ಉಪಾಸನಾಮಾರ್ಗದ ಹೆಸರು, ವಿಜಯಪುರದ ಹಳ್ಳಿಯ ಮಾತಿನಲ್ಲಿ ಅದಕ್ಕೆ ಬೇರಿಲ್ಲ. ಮಹಾರಾಷ್ಟ್ರದ ಅನುಸೂಚಿ ಈ ದೃಷ್ಟಿಯಿಂದ ನೆಲಕ್ಕೆ ಹತ್ತಿರ: ಒಬ್ಬ ವ್ಯಕ್ತಿ ಕರಣಿ ಮಾಡುತ್ತಾನೆ, ಮಂತ್ರದಿಂದ ದನದ ಹಾಲು ಕುಂದಿಸುತ್ತಾನೆ ಎಂಬ ಭಾವನೆಯನ್ನು ಹುಟ್ಟಿಸುವುದನ್ನೇ ಅದು ಅಪರಾಧವೆಂದು ಗುರುತಿಸುತ್ತದೆ. ಅಂದರೆ ಅದು ಹಿಡಿಯುವುದು ಮಾಡಿದವನನ್ನಲ್ಲ, ಮಾಡಿಸಿದರೆಂದು ಇನ್ನೊಬ್ಬರತ್ತ ಬೆರಳು ತೋರಿದವನನ್ನು.

ಹಳ್ಳಿಯ ಮಾತಿನಲ್ಲಿ ಆ ಬೆರಳು ಸುಲಭಕ್ಕೆ ಕಾಣುವುದಿಲ್ಲ. ‘ಯಾರೋ ಮಾಡಿಸ್ಯಾರ’ ಎಂಬ ವಾಕ್ಯದಲ್ಲಿ ಕರ್ತೃ ಅನಿರ್ದಿಷ್ಟ, ಕ್ರಿಯಾಪದ ಬಹುವಚನ, ಲಿಂಗವೂ ತಿಳಿಯದು. ಹೇಳಿಕೆ ನುಡಿಯುವವನೂ ಸಾಮಾನ್ಯವಾಗಿ ಹೆಸರು ಹೇಳುವುದಿಲ್ಲ. ಮೂಡಣ ದಿಕ್ಕಿನವರು ಎನ್ನುತ್ತಾನೆ, ಹತ್ತಿರದವರೇ ಎನ್ನುತ್ತಾನೆ, ಬೇಕಾದರೆ ಹೆಣ್ಣುನೆರಳು ಎನ್ನುತ್ತಾನೆ. ಮೂಡಣಕ್ಕೆ ಯಾರ ಮನೆಯಿದೆ, ಆ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಕೇಳಿಸಿಕೊಂಡವರು ಮನೆಗೆ ಹೋಗುವ ದಾರಿಯಲ್ಲಿ ಲೆಕ್ಕ ಹಾಕಿಕೊಳ್ಳುತ್ತಾರೆ.